ಮಕ್ಕಳ ಸೀಸನ್ ಅಲರ್ಜಿ: ದಾವಣಗೆರೆ, ಚಿತ್ರದುರ್ಗದ ಗಾಳಿ ಧೂಳಿನಲ್ಲಿ ಮನೆಯಲ್ಲೇ ಮಾಡಬಹುದಾದ ಆರೈಕೆ

ಮಗನಿಗೆ ಆಗ ಐದು ವರ್ಷ. ದೀಪಾವಳಿ ರಜೆಗೆ ಭರಮಸಾಗರದ ಹತ್ತಿರದ ತವರಿಗೆ ಕರೆದುಕೊಂಡು ಹೋಗಿದ್ದೆ. ಕಣದಲ್ಲಿ ಮೆಕ್ಕೆಜೋಳದ ಮಷಿನ್ ಓಡುತ್ತಿತ್ತು. ಕಾಳು ಒಂದು ಕಡೆ ಬೀಳುತ್ತಿತ್ತು, ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಹೊಟ್ಟು ಇನ್ನೊಂದು ಕಡೆ ಹಾರುತ್ತಿತ್ತು. ಅದರಡಿ ಅವನು ಕುಣಿದಿದ್ದೇ ಕುಣಿದಿದ್ದು. ರೆಪ್ಪೆ, ಹುಬ್ಬು, ಕಿವಿ ಎಲ್ಲ ಕಡೆ ಹೊಟ್ಟು ಅಂಟಿಕೊಂಡಿತ್ತು. ಸಂಜೆ ಹೊತ್ತಿಗೆ ಕಣ್ಣು ಕೆಂಪಾಗಿ ಊದಿಕೊಂಡವು. ಮರುದಿನ ಬೆಳಗ್ಗೆ ಎದ್ದವನು ಹದಿನೆಂಟು ಸಲ ಸೀನಿದ. ನಾನು ಕೂತು ಎಣಿಸಿದೆ. "ನೆಗಡಿ ಆಗೈತಿ ಬಿಡವ್ವ, ಮೆಣಸಿನ ಸಾರು ಕುಡಿಸು" ಅಂದಳು ಅವ್ವ.

ಆ ನೆಗಡಿ ಸಂಕ್ರಾಂತಿ ಕಳೆದರೂ ಹೋಗಲಿಲ್ಲ. ದಾವಣಗೆರೆಗೆ ವಾಪಸ್ ಬಂದ ಮೇಲೂ ದಿನಾ ಬೆಳಗ್ಗೆ ಅದೇ ಸೀನು, ಅದೇ ಸುರಿಯುವ ಮೂಗು. ಅದು ನೆಗಡಿ ಅಲ್ಲ, ಅಲರ್ಜಿ ಅಂತ ಗೊತ್ತಾಗಲು ನನಗೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷದಲ್ಲಿ ಸಿರಪ್ ಬಾಟಲಿಗಳು ಎಷ್ಟು ಖಾಲಿಯಾದವೋ ಲೆಕ್ಕ ಇಟ್ಟಿಲ್ಲ. ಕೊನೆಗೆ ಉಪಯೋಗಕ್ಕೆ ಬಂದಿದ್ದು ತೀರಾ ಸರಳವಾದ ಕೆಲವು ಕೆಲಸಗಳು. ನನ್ನ ಹಾಗೆ ತಡ ಮಾಡಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ, ತಾಯಿ. ಮಕ್ಕಳ ಡಾಕ್ಟರ್ ಹೇಳಿಕೊಟ್ಟಿದ್ದು, ಓದಿ ತಿಳಿದಿದ್ದು, ಮನೆಯಲ್ಲಿ ಮಾಡಿ ನೋಡಿದ್ದು ಇಲ್ಲಿದೆ.

ಹೆಜ್ಜೆ 1: ನೆಗಡಿಯೋ, ಅಲರ್ಜಿಯೋ?

ನೆಗಡಿ ವೈರಸ್‌ನಿಂದ ಬರುತ್ತದೆ. ಮೊದಲೆರಡು ದಿನ ಮೈ ಬೆಚ್ಚಗಾಗಬಹುದು, ಸಿಂಬಳ ಗಟ್ಟಿಯಾಗುತ್ತದೆ, ಏಳೆಂಟು ದಿನದಲ್ಲಿ ಕಡಿಮೆಯಾಗುತ್ತದೆ. ಮನೆಯಲ್ಲಿ ಇನ್ನೊಬ್ಬರಿಗೂ ಅಂಟುತ್ತದೆ.

ಅಲರ್ಜಿಯಲ್ಲಿ ಜ್ವರ ಇರುವುದಿಲ್ಲ. ಮೂಗಿನಿಂದ ಬರುವುದು ತಿಳಿ ನೀರು. ಸೀನು ಒಂದೆರಡಕ್ಕೆ ನಿಲ್ಲದೆ ಸಾಲಾಗಿ ಬರುತ್ತದೆ, ಅದೂ ಬೆಳಗ್ಗೆ ಎದ್ದ ಕೂಡಲೇ ಜಾಸ್ತಿ. ಎಲ್ಲಕ್ಕಿಂತ ದೊಡ್ಡ ಗುರುತು ತುರಿಕೆ. ಮೂಗು, ಕಣ್ಣು, ಕಿವಿಯ ಒಳಗೆ, ಕೆಲವು ಮಕ್ಕಳಿಗೆ ಬಾಯೊಳಗಿನ ಅಂಗುಳಿನಲ್ಲೂ ತುರಿಕೆ. ನಾಲಿಗೆಯಿಂದ ಅಂಗುಳು ಕೆರೆದುಕೊಂಡು 'ಕ್ಲಕ್ ಕ್ಲಕ್' ಅಂತ ಸದ್ದು ಮಾಡುತ್ತಾರೆ. ವಾರಗಟ್ಟಲೆ ಹೀಗೇ ನಡೆಯುತ್ತದೆ.

ಮಗುವಿನ ಮುಖವನ್ನು ಬೆಳಕಿನಲ್ಲಿ ಹತ್ತಿರದಿಂದ ನೋಡಿ. ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಒತ್ತಿ ಒತ್ತಿ ಉಜ್ಜುವ ಮಕ್ಕಳಿಗೆ ಮೂಗಿನ ಮೇಲೆ ಒಂದು ಸಣ್ಣ ಅಡ್ಡಗೆರೆ ಬಿದ್ದಿರುತ್ತದೆ. ಕಣ್ಣಿನ ಕೆಳಗೆ ಕಪ್ಪಗಾಗಿರುತ್ತದೆ. ನನ್ನ ಮಗನಿಗೆ ಇವೆರಡೂ ಇದ್ದವು. ಕಣ್ಣಿನ ಕೆಳಗೆ ಕಪ್ಪಾಗಿದ್ದಕ್ಕೆ ಮೊಬೈಲ್ ಕಾರಣ ಅಂತ ನಾನು ಅವನಿಗೆ ಬೈದಿದ್ದೆ. ಮೂಗು ಕಟ್ಟಿದಾಗ ಅಲ್ಲಿ ರಕ್ತ ನಿಧಾನವಾಗಿ ಹರಿದು ಹಾಗೆ ಕಾಣುತ್ತದಂತೆ.

ತಂದೆಗೋ ತಾಯಿಗೋ ಅಲರ್ಜಿ, ಉಬ್ಬಸ, ಮೈತುರಿಕೆ ಇದ್ದರೆ ಮಗುವಿಗೂ ಬರುವ ಸಾಧ್ಯತೆ ಹೆಚ್ಚು. ಒಂದೇ ಹೊಳ್ಳೆಯಿಂದ ಮಾತ್ರ ನೀರು ಬಂದು ಕೆಟ್ಟ ವಾಸನೆ ಇದ್ದರೆ ಅದು ಅಲರ್ಜಿ ಅಲ್ಲ. ಕಡಲೆಕಾಳೋ, ಬಳಪದ ಚೂರೋ ಮೂಗಿನೊಳಗೆ ಸೇರಿಕೊಂಡಿರಬಹುದು. ನೀವೇ ತೆಗೆಯಲು ಹೋಗದೆ ಡಾಕ್ಟರಿಗೆ ತೋರಿಸಿ.

ಹೆಜ್ಜೆ 2: ಒಂದು ನೋಟ್‌ಬುಕ್ ಇಡಿ

ಇದನ್ನು ಮೂರು ವಾರ ಮಾಡಿ. ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ. ದಿನಕ್ಕೆ ಎರಡು ಸಾಲು ಸಾಕು. ಬೆಳಗ್ಗೆ ಎಷ್ಟು ಸೀನು, ಕಣ್ಣು ಹೇಗಿತ್ತು, ಹಿಂದಿನ ದಿನ ಎಲ್ಲಿ ಆಡಿದ, ಎಲ್ಲಿ ಮಲಗಿದ, ಹೊರಗೆ ಗಾಳಿ ಇತ್ತಾ, ಮಳೆ ಬಂತಾ, ಮನೆಯಲ್ಲಿ ಏನಾದರೂ ಝಾಡಿಸಿದಿರಾ.

ನಾನು ಎಲ್ಲ ತಪ್ಪನ್ನೂ ಮೆಕ್ಕೆಜೋಳದ ಮೇಲೆ ಹಾಕಿದ್ದೆ. ನೋಟ್‌ಬುಕ್ ಬೇರೆಯೇ ಹೇಳಿತು. ಒಂದು ಮದುವೆಗೆ ಅಂತ ನಾಲ್ಕು ದಿನ ಹೊನ್ನಾಳಿ ಕಡೆಯ ನೆಂಟರ ಮನೆಯಲ್ಲಿದ್ದೆವು. ಅಲ್ಲೂ ಸುಗ್ಗಿಯ ಧೂಳೇ. ಆದರೂ ಮಗನ ಬೆಳಗಿನ ಸೀನು ಎರಡಕ್ಕೋ ಮೂರಕ್ಕೋ ಇಳಿದಿತ್ತು. ದಾವಣಗೆರೆಗೆ ಬಂದು ಮಲಗಿದ ಮೊದಲ ರಾತ್ರಿಯೇ ಮತ್ತೆ ಹನ್ನೆರಡು. ಏನು ವ್ಯತ್ಯಾಸ ಅಂತ ಯೋಚಿಸಿದೆ. ಅಲ್ಲಿ ತೆಳ್ಳಗಿನ ಚಾದರ. ನಮ್ಮ ಮನೆಯಲ್ಲಿ ಹತ್ತಿ ಗಾದಿ, ಅದರ ಮೇಲೆ ಅವ್ವ ಹಳೆ ಸೀರೆಗಳಿಂದ ಹೊಲಿದು ಕೊಟ್ಟ ಕೌದಿ. ಚಳಿ ಶುರುವಾದ ಕೂಡಲೇ ಅಟ್ಟದಿಂದ ಇಳಿಸಿ ಸುಮ್ನೆ ಒಂದು ಸಲ ಕೊಡವಿ ಹೊದಿಸುತ್ತಿದ್ದೆ. ವರ್ಷವಿಡೀ ಅಟ್ಟದಲ್ಲಿದ್ದ ಕೌದಿ! ಚಳಿಯೂ ಸುಗ್ಗಿಯೂ ಒಟ್ಟಿಗೆ ಬರುವುದರಿಂದ ನನಗೆ ಗೊತ್ತೇ ಆಗಿರಲಿಲ್ಲ.

ಹೆಜ್ಜೆ 3: ನಮ್ಮ ಕಡೆ ಯಾವಾಗ ಏನು ಹಾರುತ್ತದೆ

ಬಣ್ಣ ಬಣ್ಣದ, ವಾಸನೆ ಇರುವ ಹೂವಿಗೆ ಹೆದರಬೇಡಿ. ದಾಸವಾಳ, ಮಲ್ಲಿಗೆ, ಕಣಗಿಲೆಯ ಪರಾಗ ಅಂಟು ಅಂಟಾಗಿ ಭಾರವಾಗಿರುತ್ತದೆ. ದುಂಬಿ, ಚಿಟ್ಟೆ ಅದನ್ನು ಹೊತ್ತೊಯ್ಯುತ್ತವೆ. ಮಗುವಿನ ಸೀನಿಗಾಗಿ ಅಂಗಳದ ಮಲ್ಲಿಗೆ ಬಳ್ಳಿಯನ್ನೇ ಕಡಿಸಿದವರನ್ನು ನೋಡಿದ್ದೇನೆ, ಪಾಪ. ತೊಂದರೆ ಕೊಡುವುದು ಹೆಚ್ಚಾಗಿ ಗಾಳಿಯಲ್ಲಿ ಹಾರುವ ಹಗುರ ಪರಾಗ. ಹುಲ್ಲು, ಕಳೆ, ಕೆಲವು ಮರಗಳದ್ದು.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮರಗಳು ಹೂ ಬಿಡುವ ಕಾಲ. ಚಳ್ಳಕೆರೆ, ಹಿರಿಯೂರು, ಜಗಳೂರಿನಂಥ ಒಣಭೂಮಿ ಕಡೆ ಬಳ್ಳಾರಿ ಜಾಲಿ ತುಂಬಾ ಇದೆ. ಅದರ ಪರಾಗ ಅಲರ್ಜಿ ತರುವುದರಲ್ಲಿ ಹೆಸರುವಾಸಿ. ಮೇ ಕೊನೆಯಿಂದ ಆಷಾಢ ಮುಗಿಯುವವರೆಗೆ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ ಅಲ್ವಾ? ಉತ್ತ ಹೊಲದ ಮಣ್ಣು ಆ ಗಾಳಿಯಲ್ಲಿ ಮನೆಯೊಳಗೆ ಬರುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹುಲ್ಲು ಮತ್ತು ಕಾಂಗ್ರೆಸ್ ಗಿಡ ಹೂವಾಗುತ್ತವೆ. ಗೋಡೆಗೆ ಬೂಷ್ಟು ಹಿಡಿಯುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಮೆಕ್ಕೆಜೋಳ, ಭತ್ತದ ಒಕ್ಕಣೆ. ರಸ್ತೆ ಮೇಲೇ ತೆನೆ, ಕಾಳು ಒಣಹಾಕಿರುತ್ತಾರೆ. ಚಳಿಯಲ್ಲಿ ಹೊಗೆ, ಧೂಳು ಮೇಲೆ ಹೋಗದೆ ನೆಲದ ಹತ್ತಿರವೇ ನಿಲ್ಲುತ್ತದೆ.

ನಿಮ್ಮ ನೋಟ್‌ಬುಕ್ಕನ್ನು ಇದರ ಪಕ್ಕ ಇಟ್ಟು ನೋಡಿ. ವರ್ಷವಿಡೀ ಸೀನು ಇದ್ದರೆ ಕಾರಣ ಮನೆಯೊಳಗೇ ಇರುವ ಸಾಧ್ಯತೆ ಹೆಚ್ಚು.

ಹೆಜ್ಜೆ 4: ಹಾಸಿಗೆಯಿಂದ ಶುರು ಮಾಡಿ

ಮಗು ದಿನಕ್ಕೆ ಒಂಬತ್ತು ಹತ್ತು ಗಂಟೆ ಮೂಗನ್ನು ದಿಂಬಿಗೆ ಒತ್ತಿ ಮಲಗುತ್ತದೆ. ಗಾದಿ, ದಿಂಬು, ಕೌದಿಯೊಳಗೆ ಕಣ್ಣಿಗೆ ಕಾಣದ ಧೂಳಿನ ನುಸಿ ಇರುತ್ತದೆ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಊಟ. ಅದು ಕಚ್ಚುವುದಿಲ್ಲ. ಅದರ ಹಿಕ್ಕೆ ಒಣಗಿ ಪುಡಿಯಾಗಿ ಮೂಗಿಗೆ ಹೋಗುತ್ತದೆ, ಅದೇ ಅಲರ್ಜಿ ತರುವುದು. ತೇವ ಇದ್ದರೆ ನುಸಿ ಹೆಚ್ಚುತ್ತದೆ, ಬಿಸಿ ಮತ್ತು ಒಣ ಹವೆಯಲ್ಲಿ ಸಾಯುತ್ತದೆ.

ಹಾಸಿಗೆ ಬಟ್ಟೆ, ದಿಂಬಿನ ಕವರ್, ಹೊದಿಕೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ನೀರು 60 ಡಿಗ್ರಿಯಷ್ಟು ಬಿಸಿ ಇದ್ದರೆ ನುಸಿ ಸಾಯುತ್ತದೆ. ವಾಷಿಂಗ್ ಮಷಿನ್‌ನಲ್ಲಿ ಆ ಸೆಟ್ಟಿಂಗ್ ಇಲ್ಲದಿದ್ದರೆ ಬಕೆಟ್‌ನಲ್ಲಿ ಕುದಿನೀರು, ತಣ್ಣೀರು ಬೆರೆಸಿ ಅರ್ಧ ಗಂಟೆ ನೆನೆಹಾಕಿ. ಆಗ ಮಕ್ಕಳು ಬಕೆಟ್ ಹತ್ತಿರ ಸುಳಿಯಬಾರದು.

ಗಾದಿಯನ್ನು ತಿಂಗಳಿಗೆರಡು ಸಲ ಮಾಳಿಗೆ ಮೇಲೆ ಚುರುಕು ಬಿಸಿಲಿಗೆ ಹಾಕಿ, ಮಧ್ಯಾಹ್ನ ಮಗ್ಗುಲು ಬದಲಿಸಿ. ಬಿಸಿಲಿಗೆ ನುಸಿ ಸತ್ತರೂ ಹಿಕ್ಕೆ ಅಲ್ಲೇ ಉಳಿಯುತ್ತದೆ. ಹಾಗಾಗಿ ಆಮೇಲೆ ಕೋಲಿನಿಂದ ಬಡಿದು ಕೊಡವಬೇಕು. ನೀವು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಮಗು ಶಾಲೆಗೆ ಹೋದ ಮೇಲೆ ಮಾಡಿ. ಹಳೆ ಗಾದಿ, ದಿಂಬಿಗೆ ಒತ್ತು ನೇಯ್ಗೆಯ ಜಿಪ್ ಕವರ್ ಹಾಕಿದರೆ ಒಳಗಿನ ಪುಡಿ ಹೊರಗೆ ಬರುವುದು ಕಡಿಮೆಯಾಗುತ್ತದೆ.

ಕೌದಿಯನ್ನು ಬಿಸಾಡಬೇಕಿಲ್ಲ. ಅದರಲ್ಲಿ ಅಜ್ಜಿಯ ಸೀರೆ ಇರುತ್ತದೆ, ನನಗೆ ಅದು ಗೊತ್ತು. ಅಟ್ಟದಿಂದ ಇಳಿಸಿದ ದಿನವೇ ಹೊದಿಸದೆ, ಬಿಸಿನೀರಿನಲ್ಲಿ ಒಗೆದು, ಎರಡು ದಿನ ಬಿಸಿಲು ತೋರಿಸಿ, ಆಮೇಲೆ ಹೊದಿಸಿ. ಎತ್ತಿಡುವಾಗ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿಡಿ.

ಬಟ್ಟೆಯ ಗೊಂಬೆಗಳು ಹಾಸಿಗೆಯಲ್ಲಿ ಬೇಡ. ಒಂದನ್ನು ಬಿಟ್ಟು ಮಲಗುವುದೇ ಇಲ್ಲ ಅಂತ ಮಗು ಹಟ ಮಾಡಿದರೆ ಅದನ್ನು ಚೀಲದಲ್ಲಿ ಹಾಕಿ ಒಂದು ಇಡೀ ದಿನ ಫ್ರೀಜರ್‌ನಲ್ಲಿಟ್ಟು ಆಮೇಲೆ ಒಗೆಯಿರಿ. ಕಸ ಗುಡಿಸುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ. ಒಣ ಪೊರಕೆ ಧೂಳನ್ನು ನೆಲದಿಂದ ಎಬ್ಬಿಸಿ ಮೂಗಿನ ಮಟ್ಟಕ್ಕೆ ತರುತ್ತದೆ. ಫ್ಯಾನಿನ ರೆಕ್ಕೆ ಮರೆಯಬೇಡಿ. ಬೇಸಿಗೆಯಲ್ಲಿ ಕೂಲರ್ ಹಚ್ಚುವ ಮನೆಯವರು ಅದರ ಹುಲ್ಲಿನ ಪ್ಯಾಡ್ ಪ್ರತಿ ವರ್ಷ ಬದಲಿಸಿ. ಹಳೆಯದರಲ್ಲಿ ಬೂಷ್ಟು ಬೆಳೆದಿರುತ್ತದೆ. ಜಿರಲೆ ಕೂಡ ಅಲರ್ಜಿ ತರುತ್ತದೆ. ರಾತ್ರಿ ಮುಸುರೆ ಪಾತ್ರೆ ತೊಳೆದಿಟ್ಟು, ಕಸದ ಬುಟ್ಟಿ ಮುಚ್ಚಿ.

ಹೆಜ್ಜೆ 5: ಉಪ್ಪು ನೀರು

ನೈಸರ್ಗಿಕ ಮದ್ದು ಅಂತ ಹೇಳುವುದರಲ್ಲಿ ನಿಜವಾಗಿಯೂ ಕೆಲಸ ಮಾಡುವುದು ಇದು. ಮೂಗಿನೊಳಗೆ ಅಂಟಿಕೊಂಡ ಪರಾಗ, ಧೂಳನ್ನು ಉಪ್ಪು ನೀರು ತೊಳೆದು ಹೊರಗೆ ಹಾಕುತ್ತದೆ. ಮಕ್ಕಳ ಡಾಕ್ಟರುಗಳೂ ಇದನ್ನೇ ಮೊದಲು ಹೇಳುತ್ತಾರೆ.

ಸುಲಭದ ದಾರಿ ಅಂದರೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸಲೈನ್ ಮೂಗಿನ ಡ್ರಾಪ್ಸ್. ಬಾಟಲಿ ಮೇಲೆ ಸೋಡಿಯಂ ಕ್ಲೋರೈಡ್ ಅಂತ ಮಾತ್ರ ಇರಬೇಕು. ಮೂಗು ಬಿಡಿಸುವ ಬೇರೆ ಔಷಧಿ ಅದರಲ್ಲಿ ಇರಬಾರದು. ಚಿಕ್ಕ ಮಕ್ಕಳಿಗೆ ಇದೇ ಸರಿ.

ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಟೀ ಚಮಚದಲ್ಲಿ ಮಟ್ಟವಾಗಿ ಒಂದೂವರೆ. ದಿನಕ್ಕೆ ಕಾಲು ಲೀಟರ್ ಸಾಕು. ಅದಕ್ಕೆ ಅರ್ಧ ಚಮಚಕ್ಕಿಂತ ಸ್ವಲ್ಪ ಕಡಿಮೆ. ಅಯೋಡಿನ್ ಇಲ್ಲದ ಉಪ್ಪಾದರೆ ಮೂಗು ಉರಿಯುವುದು ಕಡಿಮೆ. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಇನ್ನೂ ಹಿತ. ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿ, ಕಣ್ಣೀರಿನಷ್ಟು ಉಪ್ಪಾಗಿರಬೇಕು. ಅದಕ್ಕಿಂತ ಜಾಸ್ತಿ ಉಪ್ಪಾದರೆ ಮಗು ಮತ್ತೆ ಹತ್ತಿರ ಬರುವುದಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಕುದಿಸಿ ಆರಿಸಿದ ನೀರೇ ಆಗಬೇಕು. ನಲ್ಲಿ ನೀರು, ಬೋರ್ ನೀರು ಬೇಡ. ನಾಣ್ಯ ಹಾಕಿ ತರುವ ಶುದ್ಧ ನೀರಿನ ಘಟಕದ ನೀರನ್ನೂ ಕುದಿಸದೆ ಬಳಸಬೇಡಿ. ಕುಡಿಯಲು ಆಗುವ ನೀರೆಲ್ಲ ಮೂಗಿಗೆ ಆಗುವುದಿಲ್ಲ. ನೀರಿನಲ್ಲಿರುವ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋಗಬಲ್ಲದು. ಕೇರಳದಲ್ಲಿ 2024 ಮತ್ತು 2025ರಲ್ಲಿ ಈ ಕಾಯಿಲೆ ಕಾಣಿಸಿಕೊಂಡು ಮಕ್ಕಳೂ ತೀರಿಕೊಂಡರು. ಅಪರೂಪದ ಕಾಯಿಲೆ, ಆದರೆ ಬಂದರೆ ಉಳಿಯುವುದು ಕಷ್ಟ. ನೀರು ಮಳಮಳ ಕುದಿಯಲು ಶುರುವಾದ ಮೇಲೆ ನಾನು ಐದು ನಿಮಿಷ ಬಿಡುತ್ತೇನೆ, ಮುಚ್ಚಿಟ್ಟು ಆರಿಸುತ್ತೇನೆ. 24 ಗಂಟೆ ಕಳೆದರೆ ಚೆಲ್ಲುತ್ತೇನೆ.

ಹಾಕುವ ಕ್ರಮ ಹೀಗೆ. ಚಿಕ್ಕ ಮಗುವಾದರೆ ತೊಡೆ ಮೇಲೆ ಅಂಗಾತ ಮಲಗಿಸಿ, ತಲೆ ತುಸು ಹಿಂದಕ್ಕೆ ಬಾಗಿಸಿ, ಪ್ರತಿ ಹೊಳ್ಳೆಗೆ ಎರಡು ಮೂರು ಹನಿ. ಒಂದು ನಿಮಿಷ ಬಿಟ್ಟು ಮೂಗು ಒರೆಸಿ. ಆರೇಳು ವರ್ಷ ದಾಟಿದ, ಹೇಳಿದ್ದು ಕೇಳುವ ಮಕ್ಕಳಿಗೆ ಮೂಗು ತೊಳೆಯುವ ಮೆತ್ತಗಿನ ಬಾಟಲಿ ಸಿಗುತ್ತದೆ. ಮಗು ಸಿಂಕ್ ಮೇಲೆ ಮುಂದಕ್ಕೆ ಬಾಗಿ, ತಲೆ ಸ್ವಲ್ಪ ಓರೆ ಮಾಡಿ, ಬಾಯಿ ತೆರೆದು "ಆ..." ಅನ್ನುತ್ತಿರಬೇಕು. ಹಾಗೆ ಅನ್ನುತ್ತಿದ್ದರೆ ನೀರು ಗಂಟಲಿಗೆ ಇಳಿಯುವುದಿಲ್ಲ. ಬಾಟಲಿಯನ್ನು ಮೆಲ್ಲಗೆ ಒತ್ತಿ. ಒಂದು ಹೊಳ್ಳೆಯಲ್ಲಿ ಹೋದ ನೀರು ಇನ್ನೊಂದರಲ್ಲಿ ಬರುತ್ತದೆ. ಮೊದಲ ಸಲ ಬಿದ್ದ ನೀರು ಬಿಳಿ ಸಿಂಕಿನಲ್ಲಿ ಬೂದು ಬಣ್ಣಕ್ಕೆ ಕಂಡಿತ್ತು. "ಇಷ್ಟೂ ನನ್ನ ಮೂಗಿನಾಗ ಇತ್ತೇನಮ್ಮ?" ಅಂತ ಮಗ ಬಗ್ಗಿ ನೋಡಿದ. ಅವತ್ತಿನಿಂದ ಹಟ ಮಾಡಿಲ್ಲ. ಕಿವಿ ನೋವು ಇದ್ದಾಗ, ಮೂಗು ಪೂರ್ತಿ ಕಟ್ಟಿದ್ದಾಗ ಬಾಟಲಿಯಿಂದ ತೊಳೆಯಬೇಡಿ.

ಸೀಸನ್‌ನಲ್ಲಿ ದಿನಕ್ಕೆ ಎರಡು ಸಲ ಮಾಡಿ. ಹೊರಗಿನಿಂದ ಬಂದ ಮೇಲೆ ಒಂದು, ಮಲಗುವ ಮುಂಚೆ ಒಂದು.

ಹೆಜ್ಜೆ 6: ಹೊರಗೆ ಹೋಗಿ ಬಂದಾಗ

ಮಗುವನ್ನು ಮನೆಯಲ್ಲಿ ಕೂಡಿಹಾಕಬೇಡಿ. ಆಟ ಆಡಲಿ. ಒಕ್ಕಣೆ ಮಷಿನ್, ರಸ್ತೆ ಮೇಲಿನ ಕಣದ ಹತ್ತಿರ ಮಾತ್ರ ಬೇಡ. ಹೋಗಲೇಬೇಕಾದರೆ ಗಾಳಿ ಬರುವ ದಿಕ್ಕಿನಲ್ಲಿ ನಿಲ್ಲಿಸಿ, ಮಾಸ್ಕ್ ಹಾಕಿ. ಬೈಕಿನಲ್ಲಿ ಮುಂದೆ ಕೂರಿಸಿಕೊಂಡು ಹೋಗುವಾಗ ಕಣ್ಣಿಗೆ ಕನ್ನಡಕ ಇರಲಿ.

ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸಿ, ಮುಖ ತೊಳೆಸಿ, ಸಾಧ್ಯವಾದರೆ ತಲೆಗೂ ಸ್ನಾನ. ಕೂದಲಿನಲ್ಲಿರುವ ಪರಾಗ ರಾತ್ರಿ ದಿಂಬಿಗೆ ಇಳಿಯುತ್ತದೆ. ಕಣ್ಣು ತುರಿಸಿದರೆ ಉಜ್ಜಲು ಬಿಡದೆ, ಕುದಿಸಿ ಆರಿಸಿದ ತಣ್ಣೀರಿನಲ್ಲಿ ಅದ್ದಿದ ಶುದ್ಧ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಇಡಿ. ಗಾಳಿ ಜಾಸ್ತಿ ಇರುವ ದಿನ ಮಗುವಿನ ಬಟ್ಟೆ, ಹಾಸಿಗೆ ಹೊದಿಕೆಯನ್ನು ಹೊರಗೆ ಒಣಹಾಕಬೇಡಿ.

ಹೆಜ್ಜೆ 7: ಹೊಗೆ

ಹೊಗೆ ಅಲರ್ಜಿ ಅಲ್ಲ, ಆದರೆ ಮೊದಲೇ ಊದಿಕೊಂಡ ಮೂಗನ್ನು ಇನ್ನಷ್ಟು ಕೆರಳಿಸುತ್ತದೆ. ಮನೆಯಲ್ಲಿ ಬೀಡಿ, ಸಿಗರೇಟ್ ಸೇದುವವರಿದ್ದರೆ ಉಳಿದ ಹೆಜ್ಜೆಗಳ ಅರ್ಧ ಫಲ ಹೋದಂತೆಯೇ. ಅಂಗಳದಲ್ಲಿ ಸೇದಿ ಬಂದರೂ ಬಟ್ಟೆಗೆ ಅಂಟಿದ್ದು ಒಳಗೆ ಬರುತ್ತದೆ. ಸೊಳ್ಳೆ ಬತ್ತಿಯ ಬದಲು ಸೊಳ್ಳೆ ಪರದೆ ಕಟ್ಟಿ. ಊದುಬತ್ತಿಯನ್ನು ಮಗು ಮಲಗುವ ಕೋಣೆಯಲ್ಲಿ ಹಚ್ಚಬೇಡಿ. ನಮ್ಮಲ್ಲಿ ಎಳೆಮಗುವಿಗೆ ಎಣ್ಣೆ ನೀರು ಹಾಕಿದ ಮೇಲೆ ಬುಟ್ಟಿ ಕವುಚಿ ಲೋಬಾನದ ಹೊಗೆ ಕೊಡುವ ರೂಢಿ ಇದೆ. ಅತ್ತೆಯವರಿಗೆ ಇದು ಬೇಡ ಅಂತ ಹೇಳುವುದು ನನಗೆ ತುಂಬಾ ಕಷ್ಟವಾಗಿತ್ತು. ಕೊನೆಗೆ ಡಾಕ್ಟರ್ ಬಾಯಿಂದಲೇ ಹೇಳಿಸಿದೆ. "ಅಷ್ಟೂ ಮಕ್ಕಳನ್ನ ಹೀಗೇ ಬೆಳೆಸೀವಿ" ಅಂದರೂ ಮಾರನೇ ದಿನದಿಂದ ಬಿಟ್ಟರು.

ಮಂಡಕ್ಕಿ ಭಟ್ಟಿಗಳ ಹತ್ತಿರ ಮನೆ ಇರುವವರಿಗೆ ಹೊಗೆ ತಪ್ಪಿಸುವುದು ಸುಲಭ ಅಲ್ಲ. ಭಟ್ಟಿ ಉರಿಯುವ ಹೊತ್ತು ನೋಡಿಕೊಂಡು ಆ ಕಡೆಯ ಕಿಟಕಿ ಮುಚ್ಚಿ, ಬೇರೆ ಹೊತ್ತಿನಲ್ಲಿ ತೆರೆಯಿರಿ.

ಹೆಜ್ಜೆ 8: ಕಾಂಗ್ರೆಸ್ ಗಿಡ ಕೀಳಿ, ಆದರೆ ಮಕ್ಕಳ ಕೈಯಲ್ಲಿ ಅಲ್ಲ

ಖಾಲಿ ಸೈಟು, ರೈಲ್ವೆ ಹಳಿ ಪಕ್ಕ, ಶಾಲೆಯ ಹಿಂದೆ, ಎಲ್ಲಿ ನೋಡಿದರೂ ಬಿಳಿ ಸಣ್ಣ ಹೂವಿನ ಈ ಗಿಡ. ಪುಸ್ತಕದಲ್ಲಿ ಇದರ ಹೆಸರು ಪಾರ್ಥೇನಿಯಂ. ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗುರುತಿಸಿದ್ದು. ಇದರ ಪರಾಗದಿಂದ ಸೀನು, ಉಬ್ಬಸ. ಗಿಡ ಮುಟ್ಟಿದರೆ ಚರ್ಮಕ್ಕೆ ಕಜ್ಜಿಯಂಥ ತುರಿಕೆ. ಒಂದೇ ಗಿಡದಿಂದ ಸಾವಿರಾರು ಬೀಜ ಉದುರುತ್ತದೆ.

ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಬಿಡುವ ಮೊದಲೇ ಬೇರು ಸಮೇತ ಕೀಳಬೇಕು. ಕೈಗೆ ಗ್ಲೌಸ್, ಮೈ ತುಂಬ ಬಟ್ಟೆ, ಮೂಗಿಗೆ ಮಾಸ್ಕ್. ಗ್ಲೌಸ್ ಇಲ್ಲದಿದ್ದರೆ ಎರಡು ಪ್ಲಾಸ್ಟಿಕ್ ಕವರ್ ಒಂದರ ಮೇಲೊಂದು ಹಾಕಿ. ಜಾಸ್ತಿ ಬೆಳೆದಿದ್ದರೆ ಒಂದು ಲೀಟರ್ ನೀರಿಗೆ 200 ಗ್ರಾಂ ಉಪ್ಪು ಕರಗಿಸಿ ಬಿಸಿಲಿರುವಾಗ ಎಲೆಗೆ ಸಿಂಪಡಿಸಿದರೆ ಒಣಗುತ್ತದೆ. ಬೆಳೆ ಇರುವ ಹೊಲದಲ್ಲಿ ಮಾತ್ರ ಇದನ್ನು ಮಾಡಬೇಡಿ, ಮಣ್ಣು ಕೆಡುತ್ತದೆ. ಈ ಗಿಡದ ಎಲೆ ತಿನ್ನಲೆಂದು ಮೆಕ್ಸಿಕೋದಿಂದ ತಂದ ಒಂದು ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ಬಿಳಿ ಮೈ ಮೇಲೆ ಕಪ್ಪು ಗೆರೆ ಇರುವ ಆ ಹುಳ ಮಳೆಗಾಲದಲ್ಲಿ ಗಿಡದ ಮೇಲೆ ಕಂಡರೆ ಕೊಲ್ಲಬೇಡಿ.

ಶ್ರಮದಾನ ಅಂತ ಶಾಲೆಯಲ್ಲಿ ಮಕ್ಕಳ ಕೈಲೇ ಈ ಗಿಡ ಕೀಳಿಸುವುದು ಇನ್ನೂ ಇದೆ. ನನ್ನ ಮಗ ಒಂದು ಸಲ ಹಾಗೆ ಕಿತ್ತು ಬಂದು ಮೂರು ದಿನ ಮೈ ಕೆರೆದುಕೊಂಡ. ಮೇಷ್ಟ್ರ ಹತ್ತಿರ ಹೋಗಿ ನಯವಾಗಿ ಹೇಳಿ, ಕೇಳುತ್ತಾರೆ.

ಹೆಜ್ಜೆ 9: ಅಡುಗೆಮನೆಯ ಮದ್ದು

ಮೆಣಸಿನ ಸಾರು, ಜೀರಿಗೆ ಕಷಾಯ, ಬಿಸಿ ಹಾಲಿಗೆ ಚಿಟಿಕೆ ಅರಿಶಿನ, ದೊಡ್ಡಪತ್ರೆ ತಂಬುಳಿ. ಇವು ಅಲರ್ಜಿಯನ್ನು ಬೇರು ಸಮೇತ ತೆಗೆಯುತ್ತವೆ ಅಂತ ನಾನು ಹೇಳುವುದಿಲ್ಲ. ಬಿಸಿಬಿಸಿ ಕುಡಿದಾಗ ಸಿಂಬಳ ಸಡಿಲವಾಗುತ್ತದೆ, ಗಂಟಲಿಗೆ ಹಿತ, ಮಗುವಿಗೆ ನಿದ್ದೆ ಬರುತ್ತದೆ. ಅದಕ್ಕೇ ಕೊಡಿ. ಊಟದ ಅಳತೆಯಲ್ಲಿ ಕೊಡಿ, ಔಷಧಿಯಂತೆ ಲೋಟಗಟ್ಟಲೆ ಬೇಡ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಷಾಯವನ್ನು ತಿಂಗಳುಗಟ್ಟಲೆ ಕುಡಿದ ಕೆಲವರಿಗೆ ಲಿವರ್ ತೊಂದರೆಯಾಗಿದ್ದನ್ನು ಮುಂಬೈ ಡಾಕ್ಟರುಗಳು 2021ರಲ್ಲಿ ವರದಿ ಮಾಡಿದ್ದರು. ಮಕ್ಕಳ ಮೈಮೇಲೆ ಅಂಥ ಪ್ರಯೋಗ ಬೇಡ.

ಜೇನುತುಪ್ಪ ಕೆಮ್ಮಿಗೆ ಒಳ್ಳೆಯದು. ರಾತ್ರಿ ಮಲಗುವಾಗ ಅರ್ಧದಿಂದ ಒಂದು ಚಮಚ. ಆದರೆ ಒಂದು ವರ್ಷ ತುಂಬುವವರೆಗೆ ನಾಲಿಗೆಗೆ ಹಚ್ಚಲೂ ಬಾರದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಮಗುವಿನ ನರಗಳನ್ನು ಸೋಲಿಸುತ್ತದೆ. ಊರಿನ ಜೇನು ತಿಂದರೆ ಊರಿನ ಪರಾಗದ ಅಲರ್ಜಿ ಹೋಗುತ್ತದೆ ಅನ್ನುವ ಮಾತಿಗೆ ಮಾತ್ರ ಆಧಾರ ಕಡಿಮೆ. ಜೇನುಹುಳ ತರುವುದು ಹೂವಿನ ಭಾರದ ಪರಾಗ, ನಮಗೆ ತೊಂದರೆ ಕೊಡುವುದು ಹುಲ್ಲಿನದ್ದು.

ಇನ್ನೊಂದು ಮಾತು. ಶೀತ ಅಂತ ಬಾಳೆಹಣ್ಣು, ಮೊಸರು, ಸೀಬೆಹಣ್ಣು ಎಲ್ಲ ಬಿಡಿಸಬೇಡಿ. ಧೂಳಿನ ಅಲರ್ಜಿಗೂ ಮೊಸರಿಗೂ ಸಂಬಂಧ ಇಲ್ಲ. ಒಂದು ಪದಾರ್ಥ ತಿಂದ ಪ್ರತಿ ಸಲವೂ ಬಾಯಿ ತುರಿಸಿದರೆ, ಮೈ ಮೇಲೆ ದದ್ದು ಎದ್ದರೆ ಅದು ಬೇರೆ ವಿಷಯ. ಅದನ್ನು ಡಾಕ್ಟರಿಗೆ ಹೇಳಿ.

ಹೆಜ್ಜೆ 10: ಇವನ್ನು ಮಾಡಲೇಬೇಡಿ

ಮನೆಮದ್ದು ಅಂದರೆ ತೊಂದರೆ ಇಲ್ಲದ್ದು ಅಂತ ನಾವೆಲ್ಲ ನಂಬಿದ್ದೇವೆ. ಹಾಗಾಗಿ ಈ ಭಾಗವನ್ನು ನಿಧಾನವಾಗಿ ಓದಿ.

ಕರ್ಪೂರ. ಕೊಬ್ಬರಿ ಎಣ್ಣೆಯಲ್ಲಿ ಕಾಸಿ ಎದೆಗೆ ಹಚ್ಚುವುದು, ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕುವುದು ನಮ್ಮಲ್ಲಿ ಮಾಮೂಲು. ಮಗು ಅದನ್ನು ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರುತ್ತದೆ, ಸ್ವಲ್ಪವೇ ಸಾಕು. ಎರಡು ವರ್ಷದ ಒಳಗಿನ ಮಕ್ಕಳಿಗೆ ಕರ್ಪೂರ, ಮೆಂಥಾಲ್ ಇರುವ ಯಾವ ಬಾಮ್ ಕೂಡ ಬೇಡ.

ಮೂಗಿಗೆ ಎಣ್ಣೆ, ತುಪ್ಪದ ಹನಿ. ಎಳೆಮಗುವಿನ ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ದೊಡ್ಡ ಮಕ್ಕಳಿಗೆ ಮೂಗಿನ ಅಂಚು ಉರಿಯುತ್ತಿದ್ದರೆ ಹೊರಗಡೆ ಬೆರಳಿನಿಂದ ತೆಳ್ಳಗೆ ಸವರಿ, ಅಷ್ಟೇ.

ಬಜೆ ತೇಯ್ದು ನೆಕ್ಕಿಸುವುದು. ಇದರಿಂದ ವಾಂತಿಯಾಗಬಹುದು, ಇದರಲ್ಲಿ ವಿಷದ ಅಂಶವೂ ಇದೆ. ಬೇಡ.

ಪಾತ್ರೆಯಲ್ಲಿ ಕುದಿನೀರಿಟ್ಟು ಹೊದಿಕೆ ಮುಚ್ಚಿ ಹಬೆ ಕೊಡುವುದು. ಮಗು ಒಮ್ಮೆ ಕೈ ಬೀಸಿದರೆ ನೀರು ತೊಡೆ ಮೇಲೆ ಬೀಳುತ್ತದೆ. ನಮ್ಮ ಬೀದಿಯ ಒಂದು ಹುಡುಗಿಗೆ ಹೀಗೇ ಸುಟ್ಟು ತಿಂಗಳು ಹಾಸಿಗೆ ಹಿಡಿದಿದ್ದಳು. ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು ಬಾಗಿಲು ಮುಚ್ಚಿ, ಹಬೆ ತುಂಬಿದ ಮೇಲೆ ಮಗುವನ್ನು ಎತ್ತಿಕೊಂಡು ನೀರಿನಿಂದ ದೂರ ಹತ್ತು ನಿಮಿಷ ಕೂರಿ.

ಕೇಳದೆ ತರುವ ಡ್ರಾಪ್ಸ್, ಸಿರಪ್. ಇದು ನನ್ನದೇ ತಪ್ಪು. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಮೂಗು ಬಿಡಿಸುವ ಡ್ರಾಪ್ಸ್ ಇಪ್ಪತ್ತು ದಿನ ಹಾಕಿದ್ದೆ. ಹಾಕಿದಾಗ ಮೂಗು ತೆರೆಯುತ್ತಿತ್ತು, ಎರಡು ಗಂಟೆಯಲ್ಲಿ ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತಿತ್ತು. ಅಂಥ ಡ್ರಾಪ್ಸನ್ನು ಮೂರರಿಂದ ಐದು ದಿನಕ್ಕಿಂತ ಹೆಚ್ಚು ಹಾಕಬಾರದು ಅಂತ ಆಮೇಲೆ ಗೊತ್ತಾಯಿತು. ನೆಗಡಿ ಸಿರಪ್‌ಗಳಲ್ಲಿ ಬೆರೆಸುವ ಕ್ಲೋರ್‌ಫೆನಿರಮೈನ್ ಮತ್ತು ಫೀನೈಲೆಫ್ರಿನ್ ಜೋಡಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಹೇಳಿದ್ದಾರೆ. 2025ರಲ್ಲಿ ಮಧ್ಯಪ್ರದೇಶದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಎಷ್ಟೋ ಮಕ್ಕಳು ತೀರಿಹೋದರು. ಪಕ್ಕದ ಮನೆ ಮಗುವಿಗೆ ಬರೆದ ಬಾಟಲಿ ನಿಮ್ಮ ಮಗುವಿಗೆ ಬೇಡ.

ಹೆಜ್ಜೆ 11: ಡಾಕ್ಟರ್ ಹತ್ತಿರ ಯಾವಾಗ

ಇಷ್ಟೆಲ್ಲ ಮಾಡಿ ಮೂರು ನಾಲ್ಕು ವಾರ ಆದರೂ ನಿದ್ದೆ, ಶಾಲೆ, ಆಟ ಕೆಡುತ್ತಿದ್ದರೆ ಮಕ್ಕಳ ಡಾಕ್ಟರನ್ನು ನೋಡಿ. ಬಾಯಿ ತೆರೆದು ಮಲಗಿ ಗೊರಕೆ ಹೊಡೆದರೆ, ಕಿವಿ ನೋವಿದ್ದರೆ, ಟಿವಿ ಸೌಂಡ್ ಜಾಸ್ತಿ ಮಾಡು ಅನ್ನುತ್ತಿದ್ದರೆ ಇನ್ನೂ ಬೇಗ. ನೋಟ್‌ಬುಕ್ ಜೊತೆಗಿರಲಿ. ಸ್ಪ್ರೇ, ಮಾತ್ರೆ ಬರೆದುಕೊಟ್ಟರೆ ನೈಸರ್ಗಿಕ ಅಲ್ಲ ಅಂತ ಪಕ್ಕಕ್ಕಿಡಬೇಡಿ. ಮೂಗಿನ ಸ್ಪ್ರೇ ದಿನಾ ಹಾಕಿದರೆ ಮಾತ್ರ ಕೆಲಸ ಮಾಡುತ್ತದೆ. ಸೀಸನ್‌ಗೆ ಒಂದೆರಡು ವಾರ ಮೊದಲೇ ಶುರು ಮಾಡಲು ಡಾಕ್ಟರ್ ಹೇಳಬಹುದು.

ಉಬ್ಬಸ ಇರುವ ಮಗುವಿಗೆ ಇನ್‌ಹೇಲರ್ ಚಟವಾಗುತ್ತದೆ ಅನ್ನುವ ಮಾತು ನಮ್ಮ ಕಡೆ ಇನ್ನೂ ಇದೆ. ಚಟವಾಗುವುದಿಲ್ಲ. ಔಷಧಿ ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಸ್ವಲ್ಪವೇ ಸಾಕಾಗುತ್ತದೆ. ಯಾರ ಮಾತು ಕೇಳಿಯೂ ನೀವಾಗಿ ನಿಲ್ಲಿಸಬೇಡಿ.

ಕೆಲವು ಗುರುತು ಕಂಡರೆ ಕಷಾಯ, ಉಪ್ಪು ನೀರು ಎಲ್ಲ ಬಿಟ್ಟು ಹೊರಡಬೇಕು. ಅಂಗಿ ಬಿಚ್ಚಿ ನೋಡಿ. ಉಸಿರೆಳೆದಾಗ ಪಕ್ಕೆಲುಬಿನ ಸಂದು, ಕೊರಳ ಗುಳಿ ಒಳಕ್ಕೆ ಎಳೆದರೆ, ಸುಯ್ ಸುಯ್ ಸದ್ದಿದ್ದರೆ, ಒಂದು ವಾಕ್ಯ ಪೂರ್ತಿ ಆಡಲು ಆಗದಿದ್ದರೆ, ತುಟಿ ನೀಲಿಯಾದರೆ, ಮುಖ ನಾಲಿಗೆ ಊದಿದರೆ 108ಕ್ಕೆ ಕರೆ ಮಾಡಿ. ಮಲಗಿರುವ ಮಗುವಿನ ಉಸಿರನ್ನು ಗಡಿಯಾರ ನೋಡಿ ಒಂದು ನಿಮಿಷ ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ವೇಗದ ಉಸಿರು. ದಾವಣಗೆರೆಯಲ್ಲಿ ಚಿಗಟೇರಿ ಆಸ್ಪತ್ರೆ, ದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ ರಾತ್ರಿಯೂ ತೆರೆದಿರುತ್ತವೆ. ಬೆಳಗಾಗಲಿ ಅಂತ ಕಾಯಬೇಡಿ.

ನಮ್ಮ ಮನೆಯಲ್ಲಿ ಈಗ ದಸರಾ ಮುಗಿದ ವಾರವೇ ಕೌದಿ ಅಟ್ಟದಿಂದ ಇಳಿಯುತ್ತದೆ. ಒಗೆದು, ಒಣಗಿಸಿ, ದೀಪಾವಳಿ ಹೊತ್ತಿಗೆ ಹೊದೆಯಲು ಸಿದ್ಧ. ಮಗನಿಗೆ ಈಗ ಒಂಬತ್ತು ವರ್ಷ. ಕಳೆದ ಸುಗ್ಗಿಯಲ್ಲೂ ತವರಿಗೆ ಹೋಗಿದ್ದೆವು. ಮಾಸ್ಕ್ ಹಾಕಿಕೊಂಡು, ಕಣದಿಂದ ದೂರ ಬೇವಿನ ಮರದ ಕಟ್ಟೆ ಮೇಲೆ ತಾತನ ಪಕ್ಕ ಕೂತು ಮಷಿನ್ ನೋಡಿದ. ಸಂಜೆ ತಾನೇ ಬಾಟಲಿ ಹಿಡಿದು ಬಚ್ಚಲಲ್ಲಿ ಬಾಗಿ "ಆ..." ಅಂದ. ಮರುದಿನ ನೋಟ್‌ಬುಕ್‌ನಲ್ಲಿ ಅವನ ಕೈಬರಹ: ಸೀನು 4, ಕಣ್ಣು ಸ್ವಲ್ಪ ತುರಿಕೆ, ಗಾಳಿ ಜಾಸ್ತಿ.